ಶೌಚಾಲಯದ ಗುಂಡಿ: ನೆಲದಡಿಯ ಲೆಕ್ಕಾಚಾರ

ನವೆಂಬರ್ 19 ವಿಶ್ವ ಶೌಚಾಲಯ ದಿನ. 2001ರಲ್ಲಿ ಸಿಂಗಪುರದ ಜ್ಯಾಕ್ ಸಿಮ್ ಇದೇ ದಿನ ವಿಶ್ವ ಶೌಚಾಲಯ ಸಂಸ್ಥೆಯನ್ನು ಹುಟ್ಟುಹಾಕಿದರು. 2013ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆ ದಿನವನ್ನು ಅಧಿಕೃತಗೊಳಿಸಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜೊತೆಯಾಗಿ ಇಡುವ ಲೆಕ್ಕದಂತೆ, 2022ರಲ್ಲಿ ಜಗತ್ತಿನ 350 ಕೋಟಿ ಜನರಿಗೆ ಸುರಕ್ಷಿತ ಶೌಚ ವ್ಯವಸ್ಥೆ ಇರಲಿಲ್ಲ. ಈ ಅಂಕಿ ಕೇಳಿದ ಕೂಡಲೇ ಬಯಲಿಗೆ ಹೋಗುವವರ ಚಿತ್ರ ಕಣ್ಣ ಮುಂದೆ ಬರುತ್ತದೆ. ಆದರೆ ಅವರಲ್ಲಿ ಬಯಲಿಗೆ ಹೋಗುತ್ತಿದ್ದವರು ಸುಮಾರು 42 ಕೋಟಿ. ಉಳಿದವರಲ್ಲಿ ಬಹುತೇಕರಿಗೆ ಯಾವುದೋ ಒಂದು ಬಗೆಯ ಶೌಚಾಲಯವಿದೆ. ಗೋಡೆ ಇದೆ, ಬಾಗಿಲಿದೆ, ಪ್ಯಾನ್ ಇದೆ. ಅಲ್ಲಿಂದ ಮುಂದಕ್ಕೆ ಮಲ ಎಲ್ಲಿಗೆ ಹೋಗುತ್ತದೆ ಎಂಬಲ್ಲಿ ಎಡವಟ್ಟಾಗಿರುವುದೇ ಹೆಚ್ಚು.

ಸುರಕ್ಷಿತ ಅನ್ನಿಸಿಕೊಳ್ಳಬೇಕಾದರೆ ಶೌಚಾಲಯ ಬೇರೆ ಮನೆಯವರೊಡನೆ ಹಂಚಿಕೊಂಡದ್ದಾಗಿರಬಾರದು. ಮಲ ಯಾರ ಕೈಕಾಲಿಗೂ ತಾಗಬಾರದು. ಅದು ಇದ್ದಲ್ಲೇ ಕಳಿತು ನಿರಪಾಯಕಾರಿ ಆಗಬೇಕು, ಇಲ್ಲವೇ ಬೇರೆಡೆಗೆ ಸಾಗಿ ಅಲ್ಲಿ ಸಂಸ್ಕರಣೆ ಆಗಬೇಕು. ಈ ಕೊನೆಯ ಷರತ್ತನ್ನೇ ಕಟ್ಟುವವರೂ ಕಟ್ಟಿಸುವವರೂ ಮರೆಯುವುದು. ಟೈಲ್ಸ್ ಬಣ್ಣಕ್ಕೆ ಒಂದು ವಾರ ಯೋಚಿಸುವ ಮನೆಯಲ್ಲಿ ಗುಂಡಿಯ ಅಳತೆಗೆ ಹತ್ತು ನಿಮಿಷವನ್ನೂ ಕೊಡುವುದಿಲ್ಲ.

ಮಲದಲ್ಲಿರುವ ರೋಗಾಣುಗಳು ಬೆರಳು, ನೊಣ, ನೀರು, ನೆಲ, ಆಹಾರ ಈ ಐದು ದಾರಿಗಳಿಂದ ಬಾಯಿಗೆ ಬರುತ್ತವೆ. ಕಾಲರಾ, ಟೈಫಾಯ್ಡ್, ಆಮಶಂಕೆ, ಪೋಲಿಯೊ ಎಲ್ಲಕ್ಕೂ ಇದೇ ಹಾದಿ. ಹೆಚ್ಚಿನ ಬ್ಯಾಕ್ಟೀರಿಯಾಗಳು ದೇಹದಿಂದ ಹೊರಬಿದ್ದ ಮೇಲೆ ಕೆಲವು ವಾರ, ತಿಂಗಳುಗಳಲ್ಲಿ ಸಾಯುತ್ತವೆ. ಹಟಮಾರಿ ಎಂದರೆ ದುಂಡುಹುಳದ ಮೊಟ್ಟೆ. ಅದರ ಚಿಪ್ಪು ಗಟ್ಟಿ, ತೇವದ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರಬಲ್ಲದು. ಗುಂಡಿಯನ್ನು ಮುಚ್ಚಿಟ್ಟು ಎರಡು ವರ್ಷ ಕಾಯಿರಿ ಎಂದು ತಿಳಿದವರು ಹೇಳುವುದು ಈ ಮೊಟ್ಟೆಯನ್ನು ಗಮನದಲ್ಲಿಟ್ಟುಕೊಂಡೇ.

ಒಳಚರಂಡಿ ಇಲ್ಲದ ಕಡೆ, ನೀರು ಇಂಗುವ ನೆಲವಿದ್ದರೆ, ಅವಳಿ ಗುಂಡಿಗಿಂತ ಒಳ್ಳೆಯ ಏರ್ಪಾಡು ಸಿಗುವುದು ಕಷ್ಟ. ಒಂದು ಪ್ಯಾನ್, ಎರಡು ಗುಂಡಿ. ಒಂದು ಕಾಲಕ್ಕೆ ಒಂದೇ ಗುಂಡಿ ಬಳಕೆಯಲ್ಲಿರುತ್ತದೆ. ಅದು ತುಂಬಿದ ಮೇಲೆ ಮುಚ್ಚಿ, ಇನ್ನೊಂದಕ್ಕೆ ದಾರಿ ಬಿಡಬೇಕು. ಎರಡನೆಯದು ತುಂಬುವ ಹೊತ್ತಿಗೆ ಮೊದಲನೆಯದು ಮಣ್ಣಿನಂಥ ಗೊಬ್ಬರವಾಗಿರುತ್ತದೆ.

ಅಳತೆಯನ್ನು ಹೀಗೆ ಲೆಕ್ಕ ಹಾಕಬಹುದು. ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ ಗುಂಡಿಯಲ್ಲಿ ನಿಲ್ಲುವ ಘನ ಪದಾರ್ಥ ಸುಮಾರು 45 ಲೀಟರ್. ಐದು ಜನರಿದ್ದರೆ 225 ಲೀಟರ್. ಒಂದು ಮೀಟರ್ ಅಗಲದ ದುಂಡನೆಯ ಗುಂಡಿಯಲ್ಲಿ, ಪೈಪ್ ಬಂದು ಸೇರುವ ಮಟ್ಟದಿಂದ ಕೆಳಕ್ಕೆ ಒಂದು ಮೀಟರ್ ಆಳ ಇದ್ದರೆ ಸುಮಾರು 785 ಲೀಟರ್ ಹಿಡಿಯುತ್ತದೆ. ಅಂದರೆ ಮೂರು ವರ್ಷ ದಾಟಿ ಬರುತ್ತದೆ, ಕಳಿಯಲು ಬೇಕಾದ ಎರಡು ವರ್ಷಕ್ಕಿಂತ ಹೆಚ್ಚೇ. ಪೈಪಿನ ಮಟ್ಟದ ಮೇಲೆ 30 ಸೆಂ.ಮೀ. ಖಾಲಿ ಜಾಗ ಬಿಡಬೇಕು. ಒಟ್ಟು 1.3 ಮೀಟರ್ ತೋಡಿದರೆ ಸಾಕು.

ಇಷ್ಟೇನಾ ಎಂದು ಯಾರಿಗಾದರೂ ಅನ್ನಿಸುತ್ತದೆ. ಹತ್ತು ಅಡಿ ತೋಡಿಸಿಬಿಟ್ಟರೆ ಇಪ್ಪತ್ತು ವರ್ಷ ಚಿಂತೆಯಿಲ್ಲ ಎಂಬ ಮಾತು ಎಲ್ಲ ಕಡೆಯೂ ಕೇಳುತ್ತದೆ. ಇದು ದುಬಾರಿ ತಪ್ಪು. ಮಲ ಕಳಿಯುವಂತೆ ಮಾಡುವ ಜೀವಾಣುಗಳು ಹೆಚ್ಚಾಗಿರುವುದು ನೆಲದ ಮೇಲಿನ ಪದರಗಳಲ್ಲಿ. ಆಳಕ್ಕಿಳಿದಷ್ಟೂ ಅವು ಕಡಿಮೆ, ಅಂತರ್ಜಲ ಹತ್ತಿರ. ಗುಂಡಿಯ ತಳಕ್ಕೂ ಮಳೆಗಾಲದಲ್ಲಿ ಅಂತರ್ಜಲ ಏರುವ ಅತಿ ಎತ್ತರದ ಮಟ್ಟಕ್ಕೂ ನಡುವೆ ಕನಿಷ್ಠ ಎರಡು ಮೀಟರ್ ಒಣ ಮಣ್ಣು ಇರಬೇಕು. ಸೋರಿದ ನೀರನ್ನು ಶೋಧಿಸುವುದು ಆ ಮಣ್ಣೇ. ಕುಡಿಯುವ ನೀರಿನ ಬಾವಿಯಿಂದ 15 ಮೀಟರ್ ದೂರ ಇಟ್ಟುಕೊಳ್ಳುವುದು ಒಳ್ಳೆಯದು. ನೆಲ ದಪ್ಪ ಮರಳು, ಜಲ್ಲಿ ಅಥವಾ ಬಿರುಕುಬಿಟ್ಟ ಬಂಡೆಯಾಗಿದ್ದರೆ ಆ ದೂರವೂ ಸಾಲದು.

ಗುಂಡಿಯ ಒಳಗೋಡೆಯನ್ನು ಇಟ್ಟಿಗೆಯಿಂದ ಜೇನುಗೂಡಿನಂತೆ ಕಿಂಡಿ ಬಿಟ್ಟು ಕಟ್ಟುತ್ತಾರೆ. ಒಂದು ವರಸೆ ಪೂರ್ತಿ ಇಟ್ಟಿಗೆಯಾದರೆ, ಅದರ ಮೇಲಿನ ವರಸೆಯಲ್ಲಿ ಇಟ್ಟಿಗೆ ಇಟ್ಟಿಗೆ ನಡುವೆ ಸುಮಾರು 5 ಸೆಂ.ಮೀ. ಸಂದು. ಮರಳು ನೆಲವಾದರೆ ಒಂದೂವರೆ ಸೆಂ.ಮೀ. ಒಳಗೇ ಇರಲಿ, ಇಲ್ಲವಾದರೆ ಹೊರಗಿನ ಮರಳು ಒಳಕ್ಕೆ ಜಾರುತ್ತದೆ. ಪೈಪ್ ಸೇರುವ ಮಟ್ಟದಿಂದ ಮೇಲಕ್ಕೆ ಕಿಂಡಿ ಬೇಡ, ಗಟ್ಟಿ ಗೋಡೆ. ತಳಕ್ಕೆ ಕಾಂಕ್ರೀಟ್ ಹಾಕಬಾರದು, ಒಳಮೈಗೆ ಗಿಲಾವು ಮಾಡಬಾರದು. ಮೇಸ್ತ್ರಿಗೆ ಇದನ್ನು ಒತ್ತಿ ಹೇಳಲೇಬೇಕು, ಏಕೆಂದರೆ ಚೊಕ್ಕಟವಾಗಿ ಗಿಲಾವು ಮಾಡಿ ಮುಗಿಸುವುದೇ ಅವರ ಕೈಗೆ ಬಂದ ಅಭ್ಯಾಸ. ಹಾಗೆ ಮುಗಿಸಿದ ಗುಂಡಿ ನೀರಿನ ತೊಟ್ಟಿಯಾಗುತ್ತದೆ, ಕೆಲವೇ ವಾರಗಳಲ್ಲಿ ತುಂಬಿ ಪ್ಯಾನಿಗೇ ವಾಪಸ್ ಬರುತ್ತದೆ. ತೂತಿಲ್ಲದ ಸಿಮೆಂಟ್ ರಿಂಗ್ ಇಳಿಸಿದ ಕಡೆಯೂ ಇದೇ ಗತಿ.

ಎರಡು ಗುಂಡಿಗಳ ನಡುವೆ ಕನಿಷ್ಠ ಒಂದು ಮೀಟರ್ ಮಣ್ಣು ಬಿಡಬೇಕು. ಹತ್ತಿರ ಕಟ್ಟಿದರೆ ಬಳಕೆಯ ಗುಂಡಿಯ ನೀರು ಕಳಿಯುತ್ತಿರುವ ಗುಂಡಿಗೆ ಇಂಗಿ, ಅಲ್ಲಿಯ ಕೆಲಸವನ್ನೆಲ್ಲ ಕೆಡಿಸುತ್ತದೆ.

ಇಡೀ ವ್ಯವಸ್ಥೆಯ ಜೀವ ಇರುವುದು ಪ್ಯಾನಿಗೂ ಗುಂಡಿಗಳಿಗೂ ನಡುವಿನ ಜಂಕ್ಷನ್ ಚೇಂಬರಿನಲ್ಲಿ. ಒಂದು ಬಾಯಿ ಒಳಕ್ಕೆ, ಎರಡು ಬಾಯಿ ಹೊರಕ್ಕೆ. ತಳ ಚೌಕವಾಗಿರದೆ ಇಂಗ್ಲಿಷಿನ ‘ವೈ’ ಆಕಾರದ ನುಣುಪಾದ ಕಾಲುವೆಯಾಗಿರಬೇಕು. ಬೇಡದ ಬಾಯಿಯನ್ನು ಒಂದು ಇಟ್ಟಿಗೆ ಇಟ್ಟು, ಸುತ್ತ ಹಸಿ ಜೇಡಿಮಣ್ಣು ಮೆತ್ತಿ ಮುಚ್ಚಿದರಾಯಿತು. ಸಿಮೆಂಟಿನಿಂದ ಮುಚ್ಚಿದರೆ ಮೂರು ವರ್ಷದ ನಂತರ ಒಡೆಯುವುದು ರಗಳೆ. ತಪಾಸಣೆಗೆ ಹೋದ ಕಡೆ ಮೊದಲು ಎತ್ತಿಸಬೇಕಾದದ್ದು ಈ ಚೇಂಬರಿನ ಮುಚ್ಚಳವನ್ನೇ. ಎರಡೂ ಬಾಯಿ ತೆರೆದಿದ್ದರೆ ಅದು ಅವಳಿ ಗುಂಡಿ ಎಂಬುದು ಹೆಸರಿಗೆ ಮಾತ್ರ: ಎರಡೂ ಒಟ್ಟಿಗೆ ತುಂಬುತ್ತವೆ, ಎರಡರಲ್ಲೂ ಹಸಿ ಮಲವಿರುತ್ತದೆ, ಖಾಲಿ ಮಾಡಲು ಯಾವುದಕ್ಕೂ ಕೈಹಾಕುವಂತಿಲ್ಲ. ಮುಚ್ಚಳವನ್ನೇ ಟೈಲ್ಸ್ ಕೆಳಗೆ ಹೂತುಬಿಟ್ಟಿದ್ದರೆ ಬದಲಿಸುವ ಪ್ರಶ್ನೆಯೇ ಇಲ್ಲ.

ಪೈಪಿಗೆ ಮೂರು ಮೀಟರ್‌ಗೆ 20 ಸೆಂ.ಮೀ. ಇಳಿಜಾರು ಬೇಕು. ತುದಿ ಗುಂಡಿಯೊಳಕ್ಕೆ 10 ಸೆಂ.ಮೀ. ಚಾಚಿರಲಿ, ಇಲ್ಲವಾದರೆ ನೀರು ಗೋಡೆಗುಂಟ ಇಳಿದು ಗಾರೆ ಕೊರೆಯುತ್ತದೆ. ಪ್ಯಾನ್ ಕಡಿದಾದ ಇಳಿಜಾರಿನದ್ದು, 25ರಿಂದ 28 ಡಿಗ್ರಿ. ಪ್ಯಾನಿನ ಕೆಳಗಿನ ಬಾಗಿದ ಕೊಳವೆ, ಅಂದರೆ ಟ್ರ್ಯಾಪಿನಲ್ಲಿ ನೀರು 2 ಸೆಂ.ಮೀ. ನಿಂತರೆ ವಾಸನೆಗೂ ನೊಣಕ್ಕೂ ತಡೆ. ಇಂಥ ಜೋಡಿಗೆ ಒಂದು ಸಲಕ್ಕೆ ಒಂದೂವರೆ, ಎರಡು ಲೀಟರ್ ನೀರು ಸಾಕು. ಹೆಚ್ಚು ನೀರು ನಿಲ್ಲುವ ಪಟ್ಟಣದ ಪ್ಯಾನ್ ಕೂರಿಸಿದರೆ ಪ್ರತಿ ಸಲ ಬಕೆಟ್‌ಗಟ್ಟಲೆ ಸುರಿಯಬೇಕು. ನೀರು ಹೊರುವ ಮನೆಯಲ್ಲಿ ಅದು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಶೌಚಾಲಯ ಸೌದೆಕೋಣೆಯಾಗಿ ಮಾರ್ಪಡುವುದಕ್ಕೆ ಇದೂ ಒಂದು ಕಾರಣ.

ಗಾಳಿ ಕೊಳವೆ ಬೇಡ. ಹುಟ್ಟುವ ಅನಿಲ ಕಿಂಡಿಗಳಿಂದ ಮಣ್ಣಿಗೆ ಸೇರುತ್ತದೆ. ಕೊಳವೆ ಇಟ್ಟರೆ ವಾಸನೆ ಹೊರಗೆ ಬರುವುದಷ್ಟೇ ಲಾಭ. ಸ್ನಾನದ ನೀರು, ಮಳೆನೀರು ಗುಂಡಿಗೆ ಸೇರಬಾರದು. ಮುಟ್ಟಿನ ಪ್ಯಾಡ್, ಮಕ್ಕಳ ಡಯಾಪರ್, ಬಟ್ಟೆ, ಪ್ಲಾಸ್ಟಿಕ್ ಕಳಿಯುವುದಿಲ್ಲ. ಅವಕ್ಕೆ ಒಳಗೇ ಮುಚ್ಚಳದ ಡಬ್ಬಿ ಇಡದೆ ಹಾಕಬೇಡಿ ಎಂದಷ್ಟೇ ಹೇಳಿದರೆ ಯಾರೂ ಕೇಳುವುದಿಲ್ಲ. ಆ್ಯಸಿಡ್, ಫಿನಾಯಿಲ್ ಸುರಿದರೆ ಮಲ ಕಳಿಯುವಂತೆ ಮಾಡುವ ಜೀವಾಣುಗಳೇ ಸಾಯುತ್ತವೆ. ಉದ್ದ ಹಿಡಿಯ ಬ್ರಷ್, ಚಿಟಿಕೆ ಸೋಪಿನ ಪುಡಿ ಸಾಕು.

ನೆಲ ಎಲ್ಲೆಡೆ ಒಂದೇ ಥರ ಇರುವುದಿಲ್ಲ. ಅಂತರ್ಜಲ ಮೇಲಿರುವ ಕಡೆ ಗುಂಡಿಯ ತಳವನ್ನು ಮುಚ್ಚಿ, ಸುತ್ತ ಅರ್ಧ ಮೀಟರ್ ದಪ್ಪಕ್ಕೆ ಸಣ್ಣ ಮರಳು ತುಂಬುತ್ತಾರೆ. ನೆರೆ ಬರುವ ಕಡೆ ಗುಂಡಿಯನ್ನೂ ಕೋಣೆಯನ್ನೂ ನೆರೆಮಟ್ಟಕ್ಕಿಂತ ಎತ್ತರಿಸಿ, ಸುತ್ತ ಮಣ್ಣು ಏರಿಸಿ ಕಟ್ಟಬೇಕು. ಬಂಡೆಯ ಮೇಲೆ, ನೀರಿಂಗದ ಜಿಗುಟು ನೆಲದಲ್ಲಿ ಅವಳಿ ಗುಂಡಿಯ ಹಟ ಬೇಡ. ಅಲ್ಲಿ ಮೂತ್ರವನ್ನು ಬೇರ್ಪಡಿಸಿ ಮಲಕ್ಕೆ ಬೂದಿ ಹಾಕುವ ಒಣ ಶೌಚಾಲಯ ಹೊಂದುತ್ತದೆ.

ಸೆಪ್ಟಿಕ್ ಟ್ಯಾಂಕ್ ಕುರಿತು ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಮಲ ಹೋಗಿ ಬೀಳುವ ಕಾಂಕ್ರೀಟ್ ಪೆಟ್ಟಿಗೆಗೆಲ್ಲ ಜನ ಸೆಪ್ಟಿಕ್ ಟ್ಯಾಂಕ್ ಎನ್ನುತ್ತಾರೆ. ನಿಜವಾದ ಟ್ಯಾಂಕಿನಲ್ಲಿ ಎರಡು ಅಂಕಣಗಳಿದ್ದು, ಮೊದಲನೆಯದು ಒಟ್ಟು ಉದ್ದದ ಮೂರನೇ ಎರಡು ಭಾಗ ಇರುತ್ತದೆ. ಕೆಸರು ತಳ ಸೇರುತ್ತದೆ, ಜಿಡ್ಡಿನ ಕೆನೆ ತೇಲುತ್ತದೆ, ನಡುವಿನ ತಿಳಿನೀರು ಹೊರಹೋಗುತ್ತದೆ. ಕೆನೆ ಜೊತೆಗೆ ಹೋಗದಿರಲಿ ಎಂದೇ ಹೊರಬಾಯಿಗೆ ‘ಟಿ’ ಪೈಪ್ ಹಾಕುವುದು. ಆ ನೀರು ತಿಳಿಯಾಗಿ ಕಂಡರೂ ರೋಗಾಣುಗಳಿಂದ ತುಂಬಿರುತ್ತದೆ. ಅದನ್ನು ಇಂಗುಗುಂಡಿಗೋ ಒಳಚರಂಡಿಗೋ ಬಿಡಬೇಕು. ತೆರೆದ ಚರಂಡಿಗೆ ಬಿಟ್ಟರೆ ಮನೆ ಸ್ವಚ್ಛ, ಬೀದಿಗೆ ಕಾಯಿಲೆ. ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಲೇಬೇಕು. ಹತ್ತು ವರ್ಷದಿಂದ ತುಂಬೇ ಇಲ್ಲ ಎಂದು ಹೆಮ್ಮೆಪಡುವವರ ಟ್ಯಾಂಕ್ ತಳ ಬಿರಿದು ಸೋರುತ್ತಿರುತ್ತದೆ, ಇಲ್ಲವೇ ಬಹಳ ಹಿಂದೆಯೇ ಕೆಸರಿನಿಂದ ತುಂಬಿ, ಹೊಸದಾಗಿ ಬಿದ್ದದ್ದನ್ನೆಲ್ಲ ಹಾಗೆಯೇ ಹೊರಗೆ ತಳ್ಳುತ್ತಿರುತ್ತದೆ.

ಕೆಸರು ತೆಗೆಯುವ ಕೆಲಸಕ್ಕೆ ಮನುಷ್ಯರನ್ನು ಎಂದೂ ಒಳಗಿಳಿಸಬಾರದು, ಎಷ್ಟು ಹೊತ್ತು ಮುಚ್ಚಳ ತೆರೆದಿಟ್ಟಿದ್ದರೂ ಸರಿ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಕೆಸರನ್ನು ಕದಡಿದ ಕೂಡಲೇ ಇನ್ನಷ್ಟು ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಎಚ್ಚರವಾಗುತ್ತೇನೆ ಎಂದುಕೊಳ್ಳುವಂತಿಲ್ಲ, ಏಕೆಂದರೆ ಪ್ರಮಾಣ ಹೆಚ್ಚಾದಾಗ ಅದು ಮೊದಲು ಮರಗಟ್ಟಿಸುವುದು ಮೂಗನ್ನೇ. ಒಬ್ಬರು ಬಿದ್ದರೆ ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ. ಮೀಥೇನ್ ಕೂಡ ಇರುವುದರಿಂದ ಮುಚ್ಚಳದ ಬಳಿ ಬೀಡಿ, ಬೆಂಕಿಕಡ್ಡಿ ಬೇಡ. ಹೀರುವ ಯಂತ್ರದ ವಾಹನ ಕರೆಸಿ, ಅದು ಕೆಸರನ್ನು ಸಂಸ್ಕರಣಾ ಘಟಕಕ್ಕೇ ಒಯ್ಯುತ್ತದೆಯೇ ಎಂದು ಕೇಳಿ. ಹಳ್ಳಕ್ಕೆ ಸುರಿದು ಹೋದರೆ ಇಷ್ಟು ವರ್ಷ ತಡೆದಿಟ್ಟದ್ದನ್ನು ಒಂದೇ ದಿನ ಊರಿಗೆ ಹಂಚಿದಂತೆ.

ಅವಳಿ ಗುಂಡಿಯಲ್ಲಿ ಈ ಅಪಾಯ ಬರದಿರಬೇಕಾದರೆ ತಾರೀಕು ನೆನಪಿರಬೇಕು. ಬಾಯಿ ಬದಲಿಸಿದ ತಿಂಗಳು, ವರ್ಷವನ್ನು ಮುಚ್ಚಿದ ಗುಂಡಿಯ ಚಪ್ಪಡಿ ಮೇಲೆ ಬಣ್ಣದಲ್ಲಿ ಬರೆದಿಡಿ. ಎರಡು ವರ್ಷ ತುಂಬಿದ ಮೇಲೆ ಒಣ ಹಂಗಾಮಿನಲ್ಲಿ ಚಪ್ಪಡಿ ಸರಿಸಿ, ಮೇಲಿನಿಂದಲೇ ಉದ್ದ ಹಿಡಿಯ ಸಲಿಕೆಯಿಂದ ಸ್ವಲ್ಪ ತೆಗೆದು ನೋಡಿ. ಕಪ್ಪುಗಂದು ಬಣ್ಣ, ಪುಡಿಪುಡಿ, ಹಸಿಮಣ್ಣಿನ ವಾಸನೆ ಇದ್ದರೆ ಕೈಗವಸು, ಬೂಟು ಹಾಕಿಕೊಂಡು ತೆಗೆದು ಹಣ್ಣಿನ ಗಿಡಗಳ ಬುಡಕ್ಕೆ ಮಣ್ಣಿನಡಿ ಹಾಕಬಹುದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಬೇಡ. ಇನ್ನೂ ತೇವವಾಗಿ ಅಂಟುತ್ತಿದ್ದರೆ ಎಲ್ಲಿಂದಲೋ ನೀರು ಸೇರುತ್ತಿದೆ ಎಂದರ್ಥ. ಚಪ್ಪಡಿ ಮತ್ತೆ ಮುಚ್ಚಿ, ಜಂಕ್ಷನ್ ಚೇಂಬರಿನ ಮಣ್ಣು ಬಿರುಕುಬಿಟ್ಟಿದೆಯೇ, ಸುತ್ತಲಿನ ನೆಲ ಗುಂಡಿಯ ಕಡೆಗೆ ಇಳಿಜಾರಾಗಿದೆಯೇ ನೋಡಿ ಸರಿಪಡಿಸಿ, ಇನ್ನೂ ಕೆಲವು ತಿಂಗಳು ಬಿಡಿ.