ಕಾರ್ ಷೆಡ್ಡನ್ನು ಸರಿಪಡಿಸುವುದಾದರೆ ಮೊದಲು ಏನು ಮಾಡಬೇಕು?

ಸಾಗರದ ನಮ್ಮ ಮನೆಯ ಕಾರ್ ಷೆಡ್ಡನ್ನು ನೋಡಿದ ನೆಂಟರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ಸಾಮಾನು ತುಂಬಿ ತುಂಬಿ, ಕಾರೇ ಅಂಗಳದಲ್ಲಿ ನಿಲ್ಲುವಂತಾಗಿರುವ ಹಳೆಯ ಷೆಡ್ಡಿಗೆ ಮೊದಲು ಬಣ್ಣ ಹೊಡೆಸಬೇಕೇ, ಕಪಾಟು ಮಾಡಿಸಬೇಕೇ, ನೆಲಕ್ಕೆ ಟೈಲ್ಸ್ ಹಾಕಿಸಬೇಕೇ? ಷೆಡ್ಡಿಗೆ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಕಂಡುಕೊಳ್ಳುವ ತನಕ ಈ ಮೂರಕ್ಕೂ ಹಣ ಹಾಕಬೇಡಿ ಎಂಬುದೇ ನನ್ನ ಉತ್ತರ.

ಮಲೆನಾಡಿನಲ್ಲಿ ಷೆಡ್ಡನ್ನು ಮನೆಯಷ್ಟು ಕಾಳಜಿಯಿಂದ ಕಟ್ಟಿಸುವವರು ಕಡಿಮೆ. ಅಡಿಪಾಯದ ಮೇಲೆ ತೇವ ತಡೆಯುವ ಪದರವಿಲ್ಲದಿದ್ದರೆ, ಬತ್ತಿ ಎಣ್ಣೆಯನ್ನು ಹೀರುವಂತೆ ಜಂಬಿಟ್ಟಿಗೆಯ ಗೋಡೆ ನೆಲದ ತೇವವನ್ನು ಮೇಲಕ್ಕೆ ಹೀರುತ್ತದೆ. ನೀರು ಆರಿದ ಮೇಲೆ ಅದರಲ್ಲಿ ಕರಗಿದ್ದ ಲವಣ ಬಿಳಿ ಪುಡಿಯಾಗಿ ಗೋಡೆಯ ಮೇಲೆ ಉಳಿಯುತ್ತದೆ. ಆದ್ದರಿಂದ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಎಲ್ಲವನ್ನೂ ಅಂಗಳಕ್ಕೆ ತಂದಿಟ್ಟು, ಬರಿದಾದ ಗೋಡೆಯನ್ನು ನಿಧಾನವಾಗಿ ನೋಡಬೇಕು. ಪುಡಿ ನೆಲದಿಂದ ಒಂದೆರಡು ಅಡಿಯವರೆಗೆ ಮಾತ್ರ ಹಬ್ಬಿದ್ದರೆ ತೇವ ಕೆಳಗಿನಿಂದ ಏರುತ್ತಿರುವ ಸಾಧ್ಯತೆ ಹೆಚ್ಚು. ಕಲೆ ಮೇಲಿನಿಂದ ಇಳಿದಿದ್ದರೆ ಹಂಚು ಒಡೆದಿರುತ್ತದೆ ಅಥವಾ ಶೀಟಿನ ಸ್ಕ್ರೂಗಳ ವಾಷರ್ ಸವೆದಿರುತ್ತದೆ. ಸೂರಿನ ನೀರು ಗೋಡೆಯ ಬುಡದಲ್ಲೇ ಬೀಳುತ್ತಿದ್ದರೆ ಅದನ್ನು ದೂರ ಸಾಗಿಸುವ ಚರಂಡಿಯೇ ಮೊದಲ ಕೆಲಸ.

ನೆಲವನ್ನು ಪರೀಕ್ಷಿಸಲು ಸುಮಾರು 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಅಂಟಿಸಿ, ಕನಿಷ್ಠ 16 ಗಂಟೆ ಬಿಡಬೇಕು. ಹಾಳೆಯ ಕೆಳಗೆ ಹನಿ ಕಂಡರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ, ಆ ನೆಲದ ಮೇಲೆ ಎಪಾಕ್ಸಿ ಬಣ್ಣ ಗುಳ್ಳೆಯೆದ್ದು ಕಿತ್ತುಬರುತ್ತದೆ. ಅಂಥ ನೆಲವನ್ನು ಬರಿಯ ಸಿಮೆಂಟಾಗಿಯೇ ಬಿಡುವುದು ಒಳ್ಳೆಯದು. ಹೊಸದಾಗಿ ಗಾರೆ ಹಾಕಿಸುವುದಾದರೆ ಬಾಗಿಲ ಕಡೆಗೆ ಮೀಟರಿಗೆ ಒಂದು ಸೆಂಟಿಮೀಟರಾದರೂ ಇಳಿಜಾರು ಕೊಡಿಸಿ. ಎಂಜಿನ್ ಆಯಿಲ್ ಕಲೆಯ ಮೇಲೆ ಮರದ ಹೊಟ್ಟು ಚೆಲ್ಲಿ, ಅದು ಎಣ್ಣೆ ಹೀರಿದ ಬಳಿಕ ಸೋಪಿನ ಪುಡಿ ಮತ್ತು ಬಿಸಿನೀರಿನಿಂದ ಉಜ್ಜಿದರೆ ಬಹುಪಾಲು ಹೋಗುತ್ತದೆ. ಶೌಚಾಲಯದ ಆಸಿಡ್ ಸುರಿಯುವವರಿಗೆ ನಾನು ಕೈಮುಗಿದು ಬೇಡ ಎನ್ನುತ್ತೇನೆ: ಅದು ಎಣ್ಣೆಯನ್ನು ಬಿಟ್ಟು ಸಿಮೆಂಟನ್ನು ತಿನ್ನುತ್ತದೆ, ಬ್ಲೀಚಿಂಗ್ ಪೌಡರಿನ ಜೊತೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಹೊರಗಿಟ್ಟ ಸಾಮಾನಿನಲ್ಲಿ ಒಳಗೆ ಮರಳಬಾರದವು ಕೆಲವಿವೆ. ಗೋಣಿಚೀಲ, ರಟ್ಟಿನ ಪೆಟ್ಟಿಗೆಗಳ ರಾಶಿಯಲ್ಲಿ ಇಲಿ ಮರಿ ಹಾಕುತ್ತದೆ, ಇಲಿಯ ಹಿಂದೆಯೇ ಹಾವು ಬರುತ್ತದೆ. ಅವನ್ನು ತೆಗೆಯುವಾಗ ಬೂಟು ಹಾಕಿ, ಕೋಲಿನಿಂದ ಸರಿಸಿದ ನಂತರವೇ ಕೈಹಾಕಿ. ಹಳೆಯ ಟಯರಿನಲ್ಲಿ ನಿಂತ ನೀರು ಡೆಂಗಿ ಸೊಳ್ಳೆಗೆ ಅಚ್ಚುಮೆಚ್ಚಿನ ಜಾಗ. ಸತ್ತ ಬ್ಯಾಟರಿಗಳನ್ನು ಗುಜರಿಗೆ ಹಾಕದೆ ಬ್ಯಾಟರಿ ಅಂಗಡಿಗೇ ಮರಳಿಸಿ. ಅಡಿಕೆ ತೋಟವಿರುವ ಮನೆಗಳಲ್ಲಿ ಔಷಧಿ ಹೊಡೆಯಲು ತಂದ ಮೈಲುತುತ್ತದ ಚೀಲವೂ ಷೆಡ್ಡಿನಲ್ಲೇ ಇರುತ್ತದೆ. ತೇವ ತಾಗಿದ ಮೈಲುತುತ್ತ ಕಬ್ಬಿಣವನ್ನು ತಿನ್ನುವುದರಿಂದ, ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಮಕ್ಕಳ ಕೈಗೂ ಹತ್ಯಾರಗಳಿಗೂ ದೂರವಾಗಿ ಇಡಬೇಕು. ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲ್ ಕ್ಯಾನು ಇನ್ವರ್ಟರ್ ಇರುವ ಕಡೆ ಎಂದಿಗೂ ಬೇಡ, ಏಕೆಂದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ನೆಲಮಟ್ಟದಲ್ಲೇ ಹರಿದು ಕಿಡಿಯನ್ನು ತಲುಪುತ್ತದೆ.

ಕಪಾಟು ಕಬ್ಬಿಣದ ಆಂಗಲ್‌ನದಾಗಿರಲಿ, ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲಿರಲಿ. ಗೋಡೆಗೆ ಒತ್ತಿ ನಿಲ್ಲಿಸದಿದ್ದರೆ ಒರಲೆಯ ಮಣ್ಣಿನ ಗೆರೆ ಬೇಗ ಕಣ್ಣಿಗೆ ಬೀಳುತ್ತದೆ.

ಇನ್ನು ಬಣ್ಣ. ಒಂದು ಮಳೆಗಾಲ ಕಳೆದು, ಹೊಸ ಕಲೆ ಮೂಡದಿದ್ದರೆ ಆಗ ಹೊಡೆಸಿ. ಜಂಬಿಟ್ಟಿಗೆಯ ಗೋಡೆಗೆ ಸುಣ್ಣವನ್ನೇ ನಾನು ಸೂಚಿಸುತ್ತೇನೆ; ಒಳಗಿನ ತೇವ ಅದರ ಮೂಲಕ ಆರಿಹೋಗುತ್ತದೆ, ಪ್ಲಾಸ್ಟಿಕ್ ಬಣ್ಣವಾದರೆ ಅದೇ ತೇವ ಹಿಂದೆ ಸಿಕ್ಕಿಕೊಂಡು ಪದರವನ್ನೇ ಎಬ್ಬಿಸುತ್ತದೆ.