ಮೋತಿ ಜೊತೆ ಗೊಡಚಿನಮಲ್ಕಿಗೆ: ನಾಯಿ ಕರ್ಕೊಂಡು ಹೋಗೋರಿಗೆ ನಾಲ್ಕು ಮಾತು

ಹೋದ ವರ್ಷ ಏಪ್ರಿಲ್‌ನಲ್ಲಿ ಮೋತಿಯನ್ನು ಗೋಕಾಕ ಫಾಲ್ಸಿಗೆ ಕರ್ಕೊಂಡು ಹೋಗಿ ಕೈ ಸುಟ್ಟುಕೊಂಡಿದ್ದೆ. ನಿಜವಾಗಿ ಸುಟ್ಟಿದ್ದು ಅದರ ಕಾಲು. ಘಟಪ್ರಭೆಯಲ್ಲಿ ನೀರು ಅಷ್ಟಕ್ಕಷ್ಟೇ, ಎಲ್ಲಿ ನೋಡಿದರೂ ಬಂಡೆ. ನನ್ನ ಕಾಲಲ್ಲಿ ಬೂಟಿತ್ತು, ಅದರ ಕಾಲಲ್ಲಿ ಏನಿತ್ತು? ಹನ್ನೊಂದರ ಹೊತ್ತಿಗೆ ಒಂದು ಕಾಲು ಎತ್ತಿ ನಿಲ್ಲೋದು, ಆಮೇಲೆ ಇನ್ನೊಂದು. ಆಟ ಆಡ್ತಿದೆ ಅಂದುಕೊಂಡೆ. ಮನೆಗೆ ಬಂದು ನೋಡಿದರೆ ಎರಡು ಅಂಗಾಲಿನ ಚರ್ಮ ಸುಲಿದಿತ್ತು. ಹತ್ತು ದಿನ ನಾನು ಬ್ಯಾಂಡೇಜು ಕಟ್ಟೋದು, ಅದು ಹಲ್ಲಿಂದ ಬಿಚ್ಚೋದು.

ಗೋಕಾಕ ಸುತ್ತಮುತ್ತಲಿನದು ಮರಳುಗಲ್ಲು. ಕೈಯಾಡಿಸಿದರೆ ಬಡಗಿಯ ಪಾಲಿಶ್ ಪೇಪರಿನ ಹಾಗೆ ಇರುತ್ತದೆ. ಬಿಸಿಲಿಲ್ಲದಿದ್ದರೂ ಅದರ ಮೇಲೆ ತುಂಬಾ ಓಡಿದರೆ ಅಂಗಾಲು ಸವೆಯುತ್ತದೆ. ಹಾಗಾಗಿ ಈಗ ಎಲ್ಲಿ ಹೋದರೂ ಮೊದಲು ಕೈಯ ಹಿಂಬದಿಯನ್ನು ಬಂಡೆಗೆ ಒತ್ತಿ ಏಳರ ತನಕ ಎಣಿಸುತ್ತೇನೆ. ಅಷ್ಟರೊಳಗೆ ಕೈ ತೆಗೆಯಬೇಕು ಅನಿಸಿದರೆ ನಾಯಿಯನ್ನು ಅದರ ಮೇಲೆ ಬಿಡೋದಿಲ್ಲ.

ಈ ಸಲ ಅಕ್ಟೋಬರ್ ಮೊದಲ ವಾರ, ಗೊಡಚಿನಮಲ್ಕಿ ಜಲಪಾತ. ನಾನು, ನನ್ನ ತಮ್ಮ, ಮೋತಿ. ಬೆಳಗಾವಿಯಿಂದ ಸುಮಾರು 40 ಕಿ.ಮೀ., ಗೋಕಾಕದಿಂದ 15ರ ಆಸುಪಾಸು. ಬೆಳಗ್ಗೆ ಐದೂವರೆಗೆ ಹೊರಟೆವು. ದಾರಿಯಲ್ಲಿ ಅರ್ಧ ರಸ್ತೆಗೆ ಗೋವಿನಜೋಳ ಒಣಹಾಕಿದ್ದರು, ಅದನ್ನು ತಪ್ಪಿಸಿ ತಪ್ಪಿಸಿ ಮುಟ್ಟುವಾಗ ಏಳಾಗಿತ್ತು. ಊರಿನಿಂದ ಜಲಪಾತಕ್ಕೆ ಕಾಡಿನೊಳಗೆ ಎರಡೂವರೆ ಕಿ.ಮೀ. ಹಾದಿ. ಗಾಡಿಯೂ ಹೋಗುತ್ತದೆ. ನಡೆಯೋಕೆ ಅಂತಲೇ ಬಂದಿದ್ದರಿಂದ ನಾವು ಗಾಡಿ ಊರ ಹತ್ತಿರವೇ ನಿಲ್ಲಿಸಿದೆವು. ಹೋಗಿ ಬರೋದು ಸೇರಿ ಐದು ಕಿ.ಮೀ. ಕಮ್ಮಿ ಅನ್ನಬೇಡಿ. ನೀವು ಐದು ನಡೆದರೆ ಹಗ್ಗದ ತುದಿಯಲ್ಲಿರುವ ನಾಯಿ ಹಿಂದೆ ಮುಂದೆ ಓಡಿ ಎಷ್ಟೋ ಜಾಸ್ತಿ ನಡೆದಿರುತ್ತದೆ. ಸಾಕಾಯ್ತು ಅಂತ ಅದು ಬಾಯಿಬಿಟ್ಟು ಹೇಳೋದೂ ಇಲ್ಲ.

ಹಗ್ಗದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೋತಿ ಮುಧೋಳ ನಾಯಿ. ಈ ಜಾತಿ ಮೂಸಿ ಅಲ್ಲ, ಕಣ್ಣಿಂದ ನೋಡಿ ಬೇಟೆಯಾಡೋದು. ದೂರದಲ್ಲಿ ಮೊಲ ಹಾರಿದರೂ ಸಾಕು, ನಿಮ್ಮ ಕೂಗು ಅದರ ಕಿವಿಗೇ ಬೀಳೋದಿಲ್ಲ. ಸಾಲದ್ದಕ್ಕೆ ತಲೆ ಸಪೂರ, ಕುತ್ತಿಗೆ ದಪ್ಪ. ಮಾಮೂಲಿ ಕೊರಳಪಟ್ಟಿ ಹಾಕಿದರೆ ಹಿಂದಕ್ಕೆ ಜಗ್ಗಿ ಸಲೀಸಾಗಿ ಕಳಚಿಕೊಳ್ಳುತ್ತದೆ. ಎದೆಗೆ ಕಟ್ಟುವ ಬೆಲ್ಟೇ ತಗೊಳ್ಳಿ. ಹಗ್ಗ ಎರಡು ಮೀಟರ್ ಸಾಕು. ಎಳೆದಷ್ಟೂ ಉದ್ದ ಬರುವ ಸುರುಳಿ ಹಗ್ಗ ಕಾಡಿಗೆ ಬೇಡವೇ ಬೇಡ, ಮೂರನೇ ಗಿಡಕ್ಕೆ ಸುತ್ತಿಕೊಂಡಿರುತ್ತದೆ.

ಅರ್ಧ ದಾರಿಯಲ್ಲಿ ಅದರ ಪರೀಕ್ಷೆಯೂ ಆಯಿತು. ಎದುರಿಗೆ ಕುರಿ ಹಿಂಡು. ಮೋತಿಯ ಕಿವಿ ನೆಟ್ಟಗಾಯಿತು, ಹಿಂಗಾಲು ನಡುಗತೊಡಗಿತು. ನಾನು ಹಾದಿ ಬಿಟ್ಟು ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು, ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಅದರ ಮುಂದೆ ಅಡ್ಡ ಕೂತೆ. (ಕೈಗೆ ಸುತ್ತಿಕೊಳ್ಳಬೇಡಿ, ಜಗ್ಗಿದರೆ ಬೆರಳು ಮುರಿಯುತ್ತದೆ. ಹಿಡಿಕೆಯೊಳಗೆ ಮಣಿಕಟ್ಟು ತೂರಿಸಿ ಹಿಡಿಯೋದು ಸರಿ ಅಂತ ಆಮೇಲೆ ತಮ್ಮ ಹೇಳಿದ.) ಕುರಿ ಕಾಯುವ ಅಜ್ಜ ನಿಂತು ನೋಡಿದರು.

"ಮುಧೋಳದ್ದೇನ್ರಿ?"

"ಹೌದ್ರಿ ಅಜ್ಜಾ."

"ಬಿಡಬ್ಯಾಡ್ರಿ ಮತ್ತ, ಮರಿ ಅದಾವು. ಮಿಲಿಟ್ರಿಗೂ ಒಯ್ದಾರಂತಲ್ರಿ ಇವನ್ನ?"

ಹೌದು, ಒಯ್ದಿದ್ದಾರೆ. 2005ರಲ್ಲಿ ಅಂಚೆಚೀಟಿಯೂ ಬಂದಿದೆ. ಆದರೆ ಆ ಹೊತ್ತಿಗೆ ನನ್ನ ಚಿಂತೆಯೆಲ್ಲ ಹಿಂಡಿನ ಹಿಂದೆ ಬರುತ್ತಿದ್ದ ಅಜ್ಜನ ಎರಡು ನಾಯಿಗಳದ್ದು. ಅಜ್ಜ ಒಂದು ಶಿಳ್ಳೆ ಹಾಕಿದರು, ಅವು ತಲೆ ತಗ್ಗಿಸಿ ಹಿಂಡಿನ ಆಚೆ ಬದಿಗೆ ಹೋದವು. ಮೋತಿಗೆ ನಾಲ್ಕು ವರ್ಷದಿಂದ ನಾನು ಕಲಿಸೋಕಾಗದ್ದು ಅದು. ಹಿಂಡು ಕಂಡರೆ ನೀವೇ ಸರಿಯಿರಿ. ಅದು ಅವರ ಹಾದಿ, ನಾವು ಒಂದು ದಿನಕ್ಕೆ ಬಂದವರು.

ಜಲಪಾತದ ಬಗ್ಗೆ ಹೆಚ್ಚು ಹೇಳೋದಿಲ್ಲ, ನೀವೇ ನೋಡುತ್ತೀರಿ. ಮಾರ್ಕಂಡೇಯ ನದಿ ಮೊದಲು ಸುಮಾರು 25 ಮೀಟರ್ ಧುಮುಕಿ, ಸ್ವಲ್ಪ ಮುಂದೆ ಹೋಗಿ ಮತ್ತೆ 20 ಮೀಟರ್ ಬೀಳುತ್ತದೆ. ಆಮೇಲೆ ಗೋಕಾಕದ ಹತ್ತಿರ ಘಟಪ್ರಭೆ ಸೇರುತ್ತದೆ. ಮಳೆಗಾಲದಲ್ಲಿ ನೋಟ ಚೆಂದ, ಆದರೆ ಬಂಡೆಯೆಲ್ಲ ಪಾಚಿ. ನಾಯಿ ಜಾರಿದರೆ ಅದರ ಹಿಂದೆ ನೀವು ಇಳಿಯುತ್ತೀರಿ, ಆಮೇಲೆ ಇಬ್ಬರೂ ಮೇಲೆ ಬರೋದು ಕಷ್ಟ. ಅಕ್ಟೋಬರ್, ನವೆಂಬರ್ ವಾಸಿ. ಆಗಲೂ ಜಲಪಾತದ ನೆತ್ತಿಯ ಕಡೆ ಹಗ್ಗ ಬಿಡಬೇಡಿ. ಬಂಡೆಗುಂಡಿಯಲ್ಲಿ ನಿಂತ ಹಸಿರು ನೀರನ್ನು ಕುಡಿಯೋಕೂ ಬಿಡಬೇಡಿ, ಇಲಿ ಜ್ವರ ಅಂತೀವಲ್ಲ, ಅದು ನಾಯಿಗೂ ಬರುತ್ತದೆ. ಅದಕ್ಕೆ ಲಸಿಕೆ ಇದೆ. ರೇಬೀಸ್ ಚುಚ್ಚುಮದ್ದಿನ ಜೊತೆಗೇ ಅದೂ ಆಗಿದೆಯಾ ಅಂತ ಡಾಕ್ಟರ್ ಹತ್ತಿರ ಕೇಳಿ. ನಾವು ಮೋತಿಗೆ ಅಂತಲೇ ಎರಡು ಲೀಟರ್ ನೀರು ಒಯ್ದಿದ್ದೆವು, ಒಂದು ಹನಿ ಉಳಿಯಲಿಲ್ಲ.

ಊಟಕ್ಕೆ ನಮಗೆ ರೊಟ್ಟಿ, ಶೇಂಗಾ ಚಟ್ನಿ. ಮೋತಿಗೆ ಮೊಸರನ್ನ, ಒಗ್ಗರಣೆ ಇಲ್ಲದ್ದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಗೆ ವಿಷ, ಹಾಗಾಗಿ ಚಟ್ನಿ ಹಚ್ಚಿದ ರೊಟ್ಟಿ ಚೂರೂ ಬೇಡ. ಇನ್ನೊಂದು ಮಾತು ಗೋಕಾಕಕ್ಕೆ ಹೋಗೋರಿಗೆ. ಕರದಂಟು ತಗೊಂಡೇ ತಗೋತೀರಿ, ಅಲ್ವಾ? ಅದರಲ್ಲಿ ಒಣದ್ರಾಕ್ಷಿ ಇರಬಹುದು. ದ್ರಾಕ್ಷಿ ಹಸಿಯಿರಲಿ, ಒಣಗಿರಲಿ, ನಾಯಿಯ ಕಿಡ್ನಿ ಕೆಡಿಸುತ್ತದೆ. ಎಷ್ಟೇ ಕಣ್ಣರಳಿಸಿ ನೋಡಿದರೂ ಕೊಡಬೇಡಿ. ಮೋತಿಯಂಥ ಎದೆ ಆಳದ ನಾಯಿಗೆ ಹೊಟ್ಟೆ ತುಂಬಾ ತಿನ್ನಿಸಿ ಓಡಿಸೋದೂ ಅಪಾಯ, ಹೊಟ್ಟೆ ತಿರುಚಿಕೊಳ್ಳುತ್ತದೆ. ನಾಲ್ಕು ತುತ್ತು ತಿನ್ನಿಸಿ ಮರದಡಿ ಒಂದು ತಾಸು ಮಲಗಿಸಿದೆವು.

ಹತ್ತೂವರೆಗೆ ವಾಪಸ್ ಹೊರಟೆವು. ತಮ್ಮನಿಗೆ ಇನ್ನೂ ಕೂರಬೇಕು ಅಂತ ಆಸೆ. ನಾನು ಬಂಡೆಗೆ ಕೈ ಒತ್ತಿ ಎಣಿಸಿದೆ. ಐದಕ್ಕೇ ಕೈ ತೆಗೆದೆ. ಅವನು ಸುಮ್ನೆ ಎದ್ದು ಚೀಲ ಹೆಗಲಿಗೆ ಹಾಕಿದ. ಏದುಸಿರು ನಿಲ್ಲದೆ, ಜೊಲ್ಲು ಅಂಟಂಟಾಗಿ, ನಾಯಿ ತೂರಾಡತೊಡಗಿದರೆ ಮನೆಗೆ ಹೋಗಿ ನೋಡೋಣ ಅನ್ನಬೇಡಿ. ನೆರಳಿಗೆ ಎಳೆದು, ಮೈತುಂಬಾ ನೀರು ಸುರಿದು, ಗಾಳಿ ಹಾಕಿ, ಅಲ್ಲಿಂದ ನೇರ ಪಶು ಆಸ್ಪತ್ರೆಗೆ ಹೋಗಿ. ಗೋಕಾಕದಲ್ಲಿ ಯಾರು ಸಿಗುತ್ತಾರೆ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ, ಭಾನುವಾರ ಆದರಂತೂ ಖಂಡಿತ.

ಖಾನಾಪುರ ಕಡೆ ಕಾಡು ಇನ್ನೂ ದಟ್ಟ, ಅಲ್ಲಿಗೇಕೆ ಹೋಗಲಿಲ್ಲ ಅಂತ ಗೆಳೆಯರು ಕೇಳುತ್ತಾರೆ. ಅಲ್ಲಿ ಭೀಮಗಡ ಅಭಯಾರಣ್ಯ ಇದೆ. ಅದರೊಳಗೆ ಸಾಕುನಾಯಿ ಬೇಡ. ಚಿರತೆಗೆ ನಾಯಿ ಅಂದರೆ ಪ್ರೀತಿಯ ಊಟ. ನಮ್ಮ ನಾಯಿಗಳ ಡಿಸ್ಟೆಂಪರ್ ರೋಗ ಕಾಡಿನ ಸೀಳುನಾಯಿಗಳಿಗೂ ಹತ್ತುತ್ತದೆ. ಬೇರೆ ಕಡೆಯೂ ಅರಣ್ಯ ಇಲಾಖೆಯವರು ಕಂಡರೆ ನಾಯಿ ಒಯ್ಯಬಹುದಾ ಅಂತ ಕೇಳಿಯೇ ಮುಂದೆ ಹೋಗಿ.

ಗಾಡಿ ಹತ್ತಿಸುವ ಮುಂಚೆ ಕಾಲ ಬೆರಳ ಸಂದಿ, ಕಿವಿ ಒಳಗೆ, ಬಾಲದ ಬುಡ, ಕಂಕುಳು ಎಲ್ಲ ನೋಡಿ. ಮೋತಿಯ ಮುಂಗಾಲಿನಲ್ಲಿ ಒಂದು ನೆಗ್ಗಿನ ಮುಳ್ಳು ಸಿಕ್ಕಿತು. ಉಣ್ಣಿ ಒಂದೂ ಇಲ್ಲ ಅಂತ ನಾನು ಖುಷಿಯಲ್ಲಿದ್ದೆ. ಮೂರನೇ ದಿನ ಅದರ ಕಿವಿ ಹಿಂದೆ ಕೆರೆಯುವಾಗ ಬೆರಳಿಗೆ ಸಿಕ್ಕಿತು, ಎಳ್ಳಿನಷ್ಟು ಇದ್ದದ್ದು ಹುಣಸೆ ಬೀಜದಷ್ಟು ಆಗಿತ್ತು. ಚಿಮಟಿಗೆಯಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆದೆ. ತಮ್ಮ ಸೀಮೆಎಣ್ಣೆ ಹಚ್ಚು ಅಂದ, ಹಚ್ಚಲಿಲ್ಲ. ಅದರ ಪಾಡಿಗೆ ಮೋತಿ ನಿದ್ದೆಯಲ್ಲೇ ಕಾಲು ಝಾಡಿಸುತ್ತಿತ್ತು, ಬಹುಶಃ ಅಜ್ಜನ ಕುರಿಗಳ ಹಿಂದೆ.