ಜಾಗ ಬಿಟ್ಟು ಕದಲದ ಟ್ಯಾಬ್‌ಗಳು: ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಕಲಿತದ್ದು

ಕೊಪ್ಪಳ ಜಿಲ್ಲೆಯ ಗಂಗಾವತಿ ಸುತ್ತಲಿನ ಅಕ್ಕಿ ಗಿರಣಿಗಳಿಗೆ ಲೆಕ್ಕಪತ್ರದ ತಂತ್ರಾಂಶ ಬರೆದುಕೊಡುವುದು ನನ್ನ ಕೆಲಸ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಸುಗ್ಗಿಯಲ್ಲಿ ಲಾರಿ, ಟ್ರ್ಯಾಕ್ಟರುಗಳಲ್ಲಿ ಬಂದು ನಿಂತಾಗ ಆವಕ, ತೂಕ, ತೇವಾಂಶ, ಹಮಾಲಿ, ಪಾವತಿ, ಅತ್ತ ಗಿರಣಿಯಿಂದ ಹೊರಬರುವ ಅಕ್ಕಿ, ನುಚ್ಚು, ತೌಡು, ಇವೆಲ್ಲವನ್ನೂ ಗುಮಾಸ್ತರು ಒಂದೇ ಪರದೆಯ, ಹೆಸರು ಒತ್ತಿದರೆ ತೆರೆಯುವ ಬೇರೆ ಬೇರೆ ಟ್ಯಾಬ್‌ಗಳಲ್ಲಿ ತುಂಬಬೇಕಾಗುತ್ತದೆ. ಆ ಟ್ಯಾಬ್‌ಗಳನ್ನು ರೂಪಿಸುವಾಗ ಬಣ್ಣ, ಐಕಾನ್‌ಗಳಿಗಿಂತ ಮೊದಲು ಅವು ಇದ್ದ ಜಾಗದಲ್ಲೇ ಇರುತ್ತವೆಯೇ ಎಂಬುದನ್ನು ನೋಡಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ನಾವು ಬಳಸುವುದು ಜಾವಾ ಪ್ರೋಗ್ರಾಮಿಂಗ್ ಭಾಷೆಯ ಸ್ವಿಂಗ್, ಅಂದರೆ ಪರದೆಗಳನ್ನು ಕಟ್ಟುವ ಸಲಕರಣೆಗಳ ಸಂಗ್ರಹ. ಅದರಲ್ಲಿ ಟ್ಯಾಬ್‌ಗಳನ್ನು ತೋರಿಸುವ ಭಾಗವಾದ ಜೆಟ್ಯಾಬ್ಡ್‌ಪೇನ್‌ನಲ್ಲಿ ಟ್ಯಾಬ್‌ಗಳು ಅಗಲಕ್ಕೆ ಹಿಡಿಸದಿದ್ದರೆ ತಾವಾಗಿಯೇ ಎರಡನೆಯ ಸಾಲಿಗೆ ಹೋಗುತ್ತವೆ. ಸ್ವಿಂಗ್ ಪರದೆಗೆ ಕೊಡಬಹುದಾದ ರೂಪಗಳಲ್ಲಿ ಒಂದಾದ ವಿಂಡೋಸ್ ರೂಪದಲ್ಲಿ ಹಿಂದಿನ ಸಾಲಿನ ಟ್ಯಾಬ್ ಒತ್ತಿದೊಡನೆ ಆ ಸಾಲು ಮುಂದಕ್ಕೆ ಬಂದು, ಮುಂದಿದ್ದ ಸಾಲು ಹಿಂದಕ್ಕೆ ಸರಿಯುತ್ತದೆ. ಒಂದು ಗಿರಣಿಯ ಹಿರಿಯ ಗುಮಾಸ್ತರು, "ಒತ್ತಿದ್ದು ಕೆಳಗ ಬಂದ್ ಬಿಡ್ತದ್ರಿ ಸರ, ಕೆಳಗಿದ್ದದ್ದು ಎಲ್ಲಿ ಹೋತು?" ಎಂದು ಕೇಳಿದ್ದು ಇದನ್ನೇ. ಓದಿ ಹುಡುಕುವವರಿಗೆ ಇದು ಸಣ್ಣ ತೊಡಕು. ಕೈಯ ರೂಢಿಯಿಂದ ಕೆಲಸ ಮಾಡುವವರಿಗೆ ಪ್ರತಿ ಬಾರಿಯೂ ಹೊಸ ಪರದೆ.

ಜಾವಾ 1.4ರಿಂದ ಇರುವ ಸ್ಕ್ರೋಲ್ ವ್ಯವಸ್ಥೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಇಡುತ್ತದೆ, ಆದರೆ ಕೊನೆಯ ಟ್ಯಾಬ್‌ಗಳು ಪುಟ್ಟ ಬಾಣಗಳ ಹಿಂದೆ ಮರೆಯಾಗುತ್ತವೆ. ಪಾವತಿಯಂಥ ಮುಖ್ಯ ಟ್ಯಾಬ್ ಕಣ್ಣಿಗೇ ಬೀಳದಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಟ್ಯಾಬ್‌ಗಳನ್ನು ಎಡಬದಿಗೆ ತಂದು, ಭತ್ತ ಗಿರಣಿಯೊಳಗೆ ಸಾಗುವ ಕ್ರಮದಲ್ಲೇ ಮೇಲಿನಿಂದ ಕೆಳಕ್ಕೆ ಜೋಡಿಸಿದೆವು. ಎಡಬದಿಯಲ್ಲಿ ಸ್ವಿಂಗ್ ಎಲ್ಲ ಟ್ಯಾಬ್‌ಗಳಿಗೂ ಒಂದೇ ಅಗಲ ಕೊಡುತ್ತದೆ, ಆದರೆ ಹೆಸರುಗಳನ್ನು ನಡುವಿಗೆ ತರುತ್ತದೆ. ಅವು ಎಡಕ್ಕೆ ಒತ್ತಿ ಒಂದರ ಕೆಳಗೊಂದು ಕಾಣಲು, ಜಾವಾ 6ರಲ್ಲಿ ಬಂದ ಸೆಟ್‌ಟ್ಯಾಬ್‌ಕಾಂಪೊನೆಂಟ್‌ಆ್ಯಟ್ ವಿಧಾನದಿಂದ ಪ್ರತಿ ಟ್ಯಾಬ್‌ಗೂ ನಿಗದಿತ ಅಗಲದ ಲೇಬಲ್ ಇಟ್ಟೆವು. ಅಗಲ ನಿಗದಿಯಾಗಿದ್ದರೆ, ಆಯ್ದ ಟ್ಯಾಬ್‌ನ ಹೆಸರನ್ನು ದಪ್ಪಕ್ಷರಕ್ಕೆ ಬದಲಿಸಿದಾಗಲೂ ಪರದೆ ಅಲುಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಥ ಲೇಬಲ್‌ಗೆ ನೇರವಾಗಿ ಟೂಲ್‌ಟಿಪ್ (ಮೌಸ್ ತಂದಾಗ ಕಾಣುವ ಸಣ್ಣ ವಿವರಣೆ) ಕೊಟ್ಟರೆ ಮೌಸ್‌ನ ಕ್ಲಿಕ್ ಅಲ್ಲಿಯೇ ನಿಂತುಹೋಗಿ, ಹೆಸರಿನ ಮೇಲೆ ಒತ್ತಿದರೂ ಟ್ಯಾಬ್ ತೆರೆಯುವುದಿಲ್ಲ. ಬಣ್ಣದ ವಿಷಯವೂ ಹೀಗೆಯೇ: ಆಯ್ದ ಟ್ಯಾಬ್‌ನ ಬಣ್ಣಕ್ಕೆಂದು ರೂಪದ ಹೊಂದಿಕೆಗಳನ್ನು ಇಡುವ ಯುಐಮ್ಯಾನೇಜರ್‌ನಲ್ಲಿ ಬರೆದದ್ದು ಸ್ವಿಂಗ್‌ನದೇ ಆದ ಮೆಟಲ್ ರೂಪದಲ್ಲಿ ಫಲಿಸುತ್ತದೆ, ವಿಂಡೋಸ್ ರೂಪದಲ್ಲಿ ಫಲಿಸುವುದಿಲ್ಲ.

ಹೆಚ್ಚು ಯೋಚಿಸಬೇಕಾದದ್ದು ಉಳಿಸದ ಮಾಹಿತಿಯ ಬಗ್ಗೆ. ತೂಕ ತುಂಬುವಾಗಲೇ ಹೊರಗೆ ಲಾರಿಯವರು ಪಾವತಿಗೆ ಕರೆದರೆ ಗುಮಾಸ್ತರು ಟ್ಯಾಬ್ ಬದಲಿಸಲೇಬೇಕು. ಟ್ಯಾಬ್ ಬದಲಾದದ್ದನ್ನು ಗಮನಿಸುವ ಕೋಡ್ ಆದ ಚೇಂಜ್‌ಲಿಸನರ್‌ಗೆ ಸುದ್ದಿ ತಲುಪುವುದು ಟ್ಯಾಬ್ ಬದಲಾದ ಮೇಲೆ. ಅದರಿಂದ ಬದಲಾವಣೆಯನ್ನು ತಡೆಯಲಾಗದು. ತಡೆಯಲೇಬೇಕಿದ್ದರೆ ಜೆಟ್ಯಾಬ್ಡ್‌ಪೇನ್‌ನಿಂದ ಹೊಸ ಕ್ಲಾಸ್ ಮಾಡಿ, ಟ್ಯಾಬ್ ಆಯ್ಕೆ ಮಾಡುವ ಸೆಟ್‌ಸೆಲೆಕ್ಟೆಡ್‌ಇಂಡೆಕ್ಸ್ ವಿಧಾನವನ್ನು ತಿದ್ದಿ ಬರೆಯಬೇಕು. ಆದರೆ ಬಾಗಿಲಲ್ಲಿ ಜನ ಕಾದಿರುವಾಗ "ಮೊದಲು ಉಳಿಸಿ" ಎಂದು ಅಡ್ಡ ನಿಲ್ಲುವ ಪರದೆ ಗುಮಾಸ್ತರಿಗೆ ನೆರವಾಗದು. ಬದಲಾಯಿಸಲು ಬಿಟ್ಟು, ತುಂಬಿದ್ದನ್ನು ಹಾಗೆಯೇ ಕಾಯ್ದು, ಆ ಟ್ಯಾಬ್‌ನ ಹೆಸರಿನ ಮುಂದೆ ಕೆಂಪು ಚುಕ್ಕೆ ತೋರಿಸುವುದೇ ಸರಿಯೆಂದು ನಿರ್ಧರಿಸಿದೆವು. ಆ ಚುಕ್ಕೆಗೂ ಲೇಬಲ್‌ನಲ್ಲಿ ಮೊದಲೇ ಜಾಗ ಕಾದಿರಿಸಿದ್ದೇವೆ, ಏಕೆಂದರೆ ಅದು ಬಂದಾಗ ಹೆಸರು ಪಕ್ಕಕ್ಕೆ ಸರಿಯಬಾರದು.

ಹೆಸರುಗಳೆಲ್ಲ ಕನ್ನಡದಲ್ಲಿವೆ. ನುಚ್ಚು, ರೊಕ್ಕ ಎಂಬಲ್ಲಿ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ, ಲೇಬಲ್‌ಗೆ ನಿರ್ಮಲಾ ಯುಐ ಅಕ್ಷರಶೈಲಿಯನ್ನು ಹೆಸರಿಸಿಯೇ ಕೊಟ್ಟು, ಮೇಲೆ ಕೆಳಗೆ ತುಸು ಹೆಚ್ಚು ಜಾಗ ಬಿಡುತ್ತೇವೆ. ಶಾರ್ಟ್‌ಕಟ್‌ಗಳಿಗೆ ಇಂಗ್ಲಿಷ್ ಅಕ್ಷರಗಳ ಬದಲು ಅಂಕಿಗಳನ್ನು ಕೊಟ್ಟು, ಅದೇ ಅಂಕಿಯನ್ನು ಹೆಸರಿನ ಹಿಂದೆ ಬರೆದಿದ್ದೇವೆ: ಆಲ್ಟ್ ಜೊತೆ 1 ಒತ್ತಿದರೆ ಆವಕ, 2 ಒತ್ತಿದರೆ ತೂಕ.